ನಾನು ಕಳುಹಿಸದ ಸಂದೇಶ

ಗರ್ಭದ ಹತ್ತನೆಯ ವಾರದ ಸುಮಾರಿಗೆ ನನ್ನ ರಚನೆ ಆರಂಭವಾಯಿತು. ಇಪ್ಪತ್ತೈದನೆಯ ವಾರಕ್ಕೆ ನಾನು ಕೆಲಸಕ್ಕೆ ಸಿದ್ಧನಾಗಿದ್ದೆ. ನನ್ನ ಒಡೆಯ ಹದಿನೆಂಟನೆಯ ವಯಸ್ಸಿನಲ್ಲಿ ವಿದ್ಯುತ್ ಮಗ್ಗಗಳ ಕಾರ್ಖಾನೆ ಸೇರಿದ. ಅವನಿಗೆ ನಲವತ್ತೊಂಬತ್ತಾದಾಗ ಶ್ರವಣ ಪರೀಕ್ಷೆ ನಡೆಯಿತು.

ನಾನು ಒಂದು ಕೇಶಕೋಶ. ಬನಹಟ್ಟಿಯ ನೇಕಾರ ಗುರುಸಿದ್ದಪ್ಪನ ಬಲಗಿವಿಯೊಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ, ದ್ರವ ತುಂಬಿದ ನಳಿಕೆಯಲ್ಲಿ ನನ್ನ ವಾಸ. ಶಬ್ದ ಕಿವಿತಮಟೆಯನ್ನು ನಡುಗಿಸುತ್ತದೆ. ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ದ್ರವಕ್ಕೆ ದಾಟಿಸುತ್ತವೆ. ಅಲ್ಲಿ ಎದ್ದ ಅಲೆ ನನ್ನ ಅಡಿಯ ಪೊರೆಯನ್ನು ಎತ್ತುತ್ತದೆ. ಆಗ ನನ್ನ ನೆತ್ತಿಯ ರೋಮಗಳು ಬಾಗುತ್ತವೆ, ನಾನು ನರಕ್ಕೆ ಸಂದೇಶ ಕಳುಹಿಸುತ್ತೇನೆ. ಸುರುಳಿಯ ತುದಿಯವರಿಗೆ ಗಡಸು ದನಿ, ಬುಡದವರಿಗೆ ಕೀರಲು ದನಿ. ನಾನು ಬುಡದ ಹತ್ತಿರದವನು. ಅವನ ಮಗಳ ಗೆಜ್ಜೆಯ ಸದ್ದು ನನ್ನ ಪಾಲಿನದಾಗಿತ್ತು.

ನನ್ನ ಪಕ್ಕದ ಹೊರಸಾಲಿನ ಕೋಶಗಳು ಮೆಲುದನಿಯನ್ನು ಹಿಗ್ಗಿಸಿ ನನಗೆ ತಲುಪಿಸುತ್ತಿದ್ದವು. ಮಗ್ಗಗಳ ಗದ್ದಲ ಅವನ್ನು ಕೊಂದಿತು. ಮೊದಮೊದಲು ಸಂಜೆ ದಣಿದವು ಬೆಳಿಗ್ಗೆ ಚೇತರಿಸಿಕೊಳ್ಳುತ್ತಿದ್ದವು, ಆಮೇಲೆ ಚೇತರಿಸಿಕೊಳ್ಳಲಿಲ್ಲ. ಸತ್ತ ಕೋಶದ ಜಾಗದಲ್ಲಿ ಮತ್ತೊಂದು ಹುಟ್ಟುವುದಿಲ್ಲ. ಆ ಗದ್ದಲದಲ್ಲಿ ನೇಕಾರರು ತುಟಿ ಓದಿ, ಬೆರಳು ನೋಡಿಯೇ ಮಾತಾಡುವವರು. ಹೀಗಾಗಿ ನಮ್ಮವರ ಸಾವು ಅವನ ಗಮನಕ್ಕೇ ಬರಲಿಲ್ಲ.

ಪರೀಕ್ಷೆಯಲ್ಲಿ ಕಿವಿ ಕೆಟ್ಟಿದೆಯೆಂದು ಕಂಡುಬಂದವರನ್ನು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೋಣೆಗೆ ಕಳುಹಿಸುವುದೆಂದು ಕಾರ್ಖಾನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಗದ್ದಲವಿಲ್ಲ. ಅಲ್ಲಿಗೆ ಹೋಗಿದ್ದರೆ ನಾನು ಉಳಿಯುತ್ತಿದ್ದೆ.

ಪರೀಕ್ಷೆಯ ದಿನ ಚಹಾದ ಅಂಗಡಿಯ ಮುಂದೆ ಗುರುಸಿದ್ದಪ್ಪ ಪಕ್ಕದ ಮಗ್ಗದ ಈರಪ್ಪನಿಗೆ ಹೇಳಿದ: "ಮೂವತ್ತ ವರ್ಷ ಸೀರಿ ನೇಯ್ದಾಂವ ಈಗ ಕಂಡಿಕಿ ಸುತ್ತಲೇನು? ಬೀಗರು ನಗ್ತಾರಲೇ."

"ಅಷ್ಟ್ಯಾಕ ಹೆದರ್ತಿ ಮಾವಾ? ಆರು ಮಗ್ಗದ ಆಚೆ ನಿಂತು ನಾ ಬೈದ್ರ ತುಟಿ ನೋಡೇ ತಿರುಗಿ ಬೈತಿ. ಪರೀಕ್ಷಾ ಮಾಡೋ ಅಕ್ಕಾರು ಗುಂಡಿ ಒತ್ತೂದು ನೋಡು, ಕೈ ಎತ್ತು. ಮುಗೀತು."

ಕಾರ್ಖಾನೆಯ ಕಚೇರಿ ಕೋಣೆ ಇಕ್ಕಟ್ಟಾಗಿತ್ತು. ಪರೀಕ್ಷಕಿ ಅವನನ್ನು ತನ್ನ ಎದುರಿಗೇ ಕೂರಿಸಿಕೊಂಡು ಕಿವಿಗೆ ಸಾಧನ ತೊಡಿಸಿದಳು.

"ಪೀಂ ಅಂತ ಸಣ್ಣಗೆ ಕೇಳಿಸಿದ್ರೂ ಕೈ ಎತ್ತಿ, ಯಜಮಾನ್ರೇ."

"ಆತ್ರೀ ಅಕ್ಕಾರ."

ನನ್ನ ಸರದಿಯ ದನಿ ಬಂದಿರಬೇಕು. ಹಿಗ್ಗಿಸಿ ತಲುಪಿಸುವವರು ಯಾರೂ ಉಳಿದಿರಲಿಲ್ಲ. ನನ್ನ ರೋಮಗಳು ಬಾಗಲಿಲ್ಲ. ನಾನು ಯಾವ ಸಂದೇಶವನ್ನೂ ಕಳುಹಿಸಲಿಲ್ಲ. ಅವನ ಕೈ ಎದ್ದಿತು. ಎರಡನೆಯ ಸಲವೂ ಎದ್ದಿತು, ಮೂರನೆಯ ಸಲವೂ.

ಹುಟ್ಟಿದಂದಿನಿಂದ ನಾನು ಅವನಿಗೆ ಒಂದೇ ಒಂದು ಸುಳ್ಳು ಸಂದೇಶವನ್ನೂ ಕಳುಹಿಸಿದವನಲ್ಲ. ಆ ದಿನ ನನ್ನ ಮೌನವೊಂದೇ ನನ್ನ ಸಾಕ್ಷಿಯಾಗಿತ್ತು. ನನ್ನ ಹೆಸರಿನಲ್ಲಿ ಅವನ ಕಣ್ಣು ಉತ್ತರ ಕೊಟ್ಟಿತು.

"ಛಲೋ ಕೇಳಸ್ತದ್ರಿ," ಎಂದು ಅವನು ನಕ್ಕ.

ಪರೀಕ್ಷಕಿ ವರದಿ ಬರೆದಳು: ಬಲಗಿವಿ ಸಹಜ, ಮಗ್ಗದ ಕೆಲಸ ಮುಂದುವರಿಸಬಹುದು.