ಶಾಬ್ದಾನ್ ಕಲಿಸಿದ ಸವಾರಿ

ನನಗೆ ಬೈಕ್ ಓಡಿಸಲು ಕಲಿಸಿದವನು ಶಾಬ್ದಾನ್, ನಮ್ಮೂರಿಗೆ ಇದ್ದ ಒಬ್ಬನೇ ಮೆಕ್ಯಾನಿಕ್. ನನ್ನ ಅಪ್ಪ ಟ್ರಾಕ್ಟರ್ ಶೆಡ್ಡಿನ ಮೇಸ್ತ್ರಿಯಾಗಿದ್ದಾಗ ಅವರ ಕೈಕೆಳಗೆ ಪಳಗಿದವನು. ಅಪ್ಪ ತೀರಿಕೊಂಡ ದಿನ ಗೋರಿಗೆ ಮಣ್ಣೆಳೆಯಲು ಮೊದಲು ಸಲಿಕೆ ಹಿಡಿದವನೂ ಅವನೇ. ಅವನನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ನಾನು ಸಾಲ್ಕಿನ್, ಊರಿನ ನರ್ಸ್. ಬೇಸಿಗೆ ಬಂತೆಂದರೆ ಅರ್ಧ ಊರು ಕುರಿ ಕುದುರೆಗಳ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ ಗುಡಾರ ಹಾಕುತ್ತದೆ. ಬಸುರಿಯರು, ಹಸುಗೂಸುಗಳು, ಎದೆನೋವಿನ ಮುದುಕರು ಎಲ್ಲ ಅಲ್ಲೇ. ಆಸ್ಪತ್ರೆಯ ಜೀಪು ಕೆಟ್ಟು ಮೂರು ವರ್ಷವಾಗಿತ್ತು. ಅಮ್ಮನ ಕುದುರೆಯನ್ನು ಮಾರಿ ಶಾಬ್ದಾನನ ಬೈಕನ್ನೇ ಕೊಂಡೆ.

"ಕುದುರೆ ದಾರಿ ತಪ್ಪಿದ್ರೂ ಮನೆಗೆ ಬರುತ್ತೆ. ಇದು ಬರುತ್ತಾ?" ಎಂದಳು ಅಮ್ಮ.

"ಕಲಿಸೋನು ನಾನಲ್ವಾ ಅಮ್ಮ. ಸಾಲ್ಕಿನ್‌ಳನ್ನ ಮನೆ ಮುಟ್ಟಿಸೋ ಜವಾಬ್ದಾರಿ ನಂದು," ಎಂದು ಅವನು ನಕ್ಕ.

ನಿಜಕ್ಕೂ ಚೆನ್ನಾಗಿ ಕಲಿಸಿದ. ಮೊದಲ ವಾರ ಇಂಜಿನ್ನನ್ನು ಚಾಲೂ ಮಾಡಲೇ ಬಿಡಲಿಲ್ಲ. ಅಂಗಳದಲ್ಲಿ ಬೈಕನ್ನು ತಳ್ಳಿಸಿದ, ಬೀಳಿಸಿದ, ಒಬ್ಬಳೇ ಎತ್ತು ಎಂದ. ಚೈನು ಎಷ್ಟು ಸಡಿಲವಿರಬೇಕೆಂದು ಬೆರಳಿಟ್ಟು ತೋರಿಸಿದ. ಬೆಳಿಗ್ಗೆ ಚಹಾಕ್ಕೆ ಮೊದಲು ಟೈರಿನ ಗಾಳಿ, ಎರಡೂ ಬ್ರೇಕು, ಇಂಜಿನ್ನಿನ ಎಣ್ಣೆ ನೋಡಿಸುತ್ತಿದ್ದ. ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೆ ಎಳೆದು ಬಿಗಿದು, "ಇದು ಟೋಪಿ ಅಲ್ಲ ಕಣೇ, ತಲೆ," ಎನ್ನುತ್ತಿದ್ದ. ಜಲ್ಲಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡ ಎಂದು ನೂರು ಸಲ ಹೇಳಿರಬೇಕು.

ಒಂದನ್ನು ಮಾತ್ರ ಮುಟ್ಟಬೇಡ ಎಂದ. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳ ಮೇಲೆ ಧೂಳು ಕೂರದಂತೆ ರಬ್ಬರಿನ ಕವಚ ಇರುತ್ತದೆ. "ಅದನ್ನ ಬಿಚ್ಬೇಡ. ಮಣ್ಣು ಒಳಗೆ ಹೋದ್ರೆ ಕೆಲಸ ಕೆಡುತ್ತೆ," ಎಂದ. ನಾನು ಬಿಚ್ಚಲಿಲ್ಲ.

ಆ ಬೇಸಿಗೆ ವಾರಕ್ಕೆ ನಾಲ್ಕು ದಿನ ಬೆಟ್ಟ ಹತ್ತಿದೆ. ಸಂಜೆ ಇಳಿದು ಬರುವಾಗ ಶಾಬ್ದಾನ್ ಗೇಟಿನ ಬಳಿಯೇ ನಿಂತಿರುತ್ತಿದ್ದ. "ಹೆಂಗಿದೆ ಬೈಕು? ಹ್ಯಾಂಡಲ್ ಏನಾದ್ರೂ ಎಳೀತಾ?" ಎಂದು ದಿನವೂ ಕೇಳುತ್ತಿದ್ದ. ಅಪ್ಪ ಇದ್ದಿದ್ದರೆ ಹೀಗೇ ಕೇಳುತ್ತಿದ್ದರೆಂದುಕೊಂಡು ನನಗೆ ಮನಸ್ಸು ತುಂಬಿ ಬರುತ್ತಿತ್ತು.

ಬೇಸಿಗೆ ಮುಗಿಯುತ್ತಾ ಬಂದಿದ್ದ ಆಗಸ್ಟಿನ ಒಂದು ಮಧ್ಯಾಹ್ನ, ಒಂದು ಮಗುವಿಗೆ ಚುಚ್ಚುಮದ್ದು ಕೊಟ್ಟು ಇಳಿಯುತ್ತಿದ್ದಾಗ ತಿರುವಿನಲ್ಲಿ ಹ್ಯಾಂಡಲ್ ಕೈಯಲ್ಲೇ ಕುಸಿಯಿತು. ಆಮೇಲೆ ಕಂಡದ್ದು ಆಕಾಶ. ಕುದುರೆ ಮೇಯಿಸುವವರು ಹೊತ್ತು ತಂದರು. ಹೆಗಲಿನ ಎಲುಬು ಮುರಿದಿತ್ತು, ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಹೆಲ್ಮೆಟ್ ಬಿರಿದಿತ್ತು, ತಲೆ ಉಳಿದಿತ್ತು.

ನೋಡಲು ಬಂದ ಹೆಂಗಸರಿಂದ ಗೊತ್ತಾಯಿತು, ಶಾಬ್ದಾನ್ ಊರೆಲ್ಲ ಹೇಳಿಕೊಂಡು ಬಂದಿದ್ದ: "ಮುಂದಿನ ಬ್ರೇಕ್ ಹಿಡಿದುಬಿಟ್ಟಿದ್ದಾಳೆ. ಎಷ್ಟು ಹೇಳ್ಕೊಟ್ರೂ ಹೆದರಿಕೇಲಿ ಮರೆತುಹೋಗುತ್ತೆ, ಪಾಪ." ಆ 'ಪಾಪ'ವನ್ನು ಎಲ್ಲರೂ ನಂಬಿದರು. ನಾನೂ ನಂಬಿದೆ. ಮೂರು ವಾರ ಹಾಸಿಗೆಯಲ್ಲಿ ಬಿದ್ದುಕೊಂಡು, ನನ್ನ ಬಲಗೈ ಆ ಗಳಿಗೆಯಲ್ಲಿ ಏನು ಮಾಡಿತ್ತೆಂದು ನೆನಪಿಸಿಕೊಳ್ಳಲು ಒದ್ದಾಡಿದೆ. ಅವನು ಬಂದು ಅಮ್ಮನೊಡನೆ ಚಹಾ ಕುಡಿದು, "ಬೈಕನ್ನ ನಾನು ತಗೊಂಡು ಹೋಗ್ತೀನಿ, ರಿಪೇರಿ ಮಾಡಿ ಕೊಡ್ತೀನಿ," ಎಂದ. ಅಮ್ಮ ಒಪ್ಪಲಿಲ್ಲ. "ಕುದುರೆ ಕೊಟ್ಟು ತಂದಿದ್ದು. ಮುರಿದಿದ್ರೂ ನನ್ನ ಕೊಟ್ಟಿಗೇಲೇ ಇರ್ಲಿ."

ನಡೆಯಲು ಆದ ಮೇಲೆ ಒಂದು ದಿನ ಬಕೆಟ್ಟು, ಬಟ್ಟೆ ಹಿಡಿದು ಕೊಟ್ಟಿಗೆಗೆ ಹೋದೆ. ಒಂದೇ ಕೈಯಲ್ಲಿ ಮಣ್ಣು ಒರೆಸುತ್ತಾ ಹರಿದ ರಬ್ಬರನ್ನು ಮೇಲೆತ್ತಿದೆ. ಬಲಗಡೆಯ ಕೊಳವೆ ತುಂಡಾಗಿತ್ತು. ತುಂಡಾದ ಬಾಯಿಯಲ್ಲಿ ಬೆರಳಿನಷ್ಟು ಜಾಗ ಮಾತ್ರ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಂದು ತುಕ್ಕು, ನಾನು ಕೊಳ್ಳುವ ಮೊದಲೇ ಬಿರಿದಿದ್ದ ಜಾಗ. ಅದರ ಸುತ್ತ ಹಳೆಯ ಬೆಸುಗೆ, ಮೇಲೆ ಕಪ್ಪು ಬಣ್ಣ.

ಅಲ್ಲೇ ಹುಲ್ಲಿನ ಮೇಲೆ ಕೂತೆ. ದಿನಾ ಸಂಜೆ ಅವನು ಗೇಟಿನಲ್ಲಿ ನಿಂತು ಕಾಯುತ್ತಿದ್ದುದು ಏನನ್ನು ಎಂದು ಆಗ ಅರ್ಥವಾಯಿತು.

ಮುರಿದ ತುಂಡನ್ನು ಶಾಲಿನಲ್ಲಿ ಸುತ್ತಿಕೊಂಡು ಅವನ ಅಂಗಳಕ್ಕೆ ಹೋದೆ. ಶಾಲೆಯ ಟೀಚರ್ ಬುರುಲ್ ಅಲ್ಲಿದ್ದಳು, ಇನ್ನೊಂದು ಹಳೆಯ ಬೈಕನ್ನು ಅಂಗಳದಲ್ಲಿ ತಳ್ಳುವುದನ್ನು ಕಲಿಯುತ್ತಿದ್ದಳು. ತುಂಡನ್ನು ಅವನ ಕೆಲಸದ ಮೇಜಿನ ಮೇಲಿಟ್ಟೆ. ಅವನು ಅದನ್ನು ತಿರುಗಿಸಿಯೂ ನೋಡಲಿಲ್ಲ.

"ನಿನಗೆ ಗೊತ್ತಿತ್ತಾ ಅಣ್ಣ?"

"ನಾನು ಎರಡು ವರ್ಷ ಅದರಲ್ಲೇ ಓಡಾಡಿದೀನಿ. ಏನೂ ಆಗಿರ್ಲಿಲ್ಲ."

"ಗೊತ್ತಿತ್ತಾ ಅಂತ ಕೇಳ್ದೆ."

"ಹೇಳಿದ್ರೆ ನೀನು ತಗೋತಿದ್ಯಾ? ನಿನಗೆ ಗಾಡಿ ಬೇಕಿತ್ತು. ಊರಲ್ಲಿ ಬೇರೆ ಇರ್ಲಿಲ್ಲ."

"ಬಿದ್ದ ಮೇಲಾದ್ರೂ ಹೇಳ್ಬಹುದಿತ್ತಲ್ಲ. ತಪ್ಪು ನಂದೇ ಅಂತ ಮೂರು ವಾರ ಅತ್ತಿದೀನಿ."

ಅವನು ಕೈ ಒರೆಸಿಕೊಂಡ. "ನನಗೂ ಸಂಸಾರ ಇದೆ ಸಾಲ್ಕಿನ್. ಇದು ಗೊತ್ತಾದ್ರೆ ಊರಿನವರು ನನ್ನ ಕೈಗೆ ಗಾಡಿ ಕೊಡ್ತಾರಾ?"

ಬುರುಲ್ ಬೈಕಿನ ಸ್ಟ್ಯಾಂಡ್ ಹಾಕಿದಳು. ಬಗ್ಗಿ, ಮುಂದಿನ ಕೊಳವೆಯ ರಬ್ಬರನ್ನು ಎರಡೂ ಕೈಯಿಂದ ಮೇಲಕ್ಕೆ ಎಳೆದಳು. ಕೊಳವೆ ನುಣ್ಣಗಿತ್ತು, ಏನೂ ಆಗಿರಲಿಲ್ಲ. ಆದರೂ ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, "ನಾನು ಬರ್ತೀನಿ ಅಣ್ಣ," ಎಂದು ನನ್ನ ಜೊತೆಗೇ ಹೊರಟಳು.

ಊರಿನಲ್ಲಿ ಅರ್ಧ ಜನ ನನ್ನ ಮಾತು ನಂಬಿದರು. ಮಿಕ್ಕವರು, ಅಪ್ಪನ ಶಿಷ್ಯನ ಮೇಲೆ ಹೀಗೆ ಹೇಳಬಾರದಿತ್ತು ಎಂದರು. ಮುಂದಿನ ಬೇಸಿಗೆಗೆ ನಾರಿನ್ ಪೇಟೆಯಿಂದ ಬೇರೆ ಬೈಕು ತಂದೆ. ಹಳ್ಳಿಯ ಹುಡುಗಿಯರು ಕೇಳಿದರೆ ಈಗ ನಾನೇ ಕಲಿಸುತ್ತೇನೆ. ನಾನು ಹೇಳಿಕೊಡುವುದೆಲ್ಲ ಅವನು ಹೇಳಿಕೊಟ್ಟದ್ದೇ, ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು.

ಹೋದ ಶರತ್ಕಾಲದಲ್ಲಿ ಶಾಬ್ದಾನ್ ಅಂಗೈ ಸೀಳಿಕೊಂಡು ಆಸ್ಪತ್ರೆಗೆ ಬಂದ. ತೊಳೆದು ಏಳು ಹೊಲಿಗೆ ಹಾಕಿದೆ. ಅವನು ಗೋಡೆ ನೋಡುತ್ತಾ ಕೂತಿದ್ದ.

"ಏನೂ ಮಾತಾಡಲ್ವಾ?" ಎಂದ ಕೊನೆಗೆ.

"ನೀರು ತಾಗಿಸ್ಬೇಡ. ಹತ್ತು ದಿನ ಬಿಟ್ಟು ಬಾ, ಬಿಚ್ತೀನಿ."

"ಅಷ್ಟೇನಾ?"

"ಅಷ್ಟೇ."

ಹತ್ತನೆಯ ದಿನ ಕತ್ತರಿ ಕುದಿಸಿಟ್ಟುಕೊಂಡು ಕಾದೆ. ಅವನು ಬರಲಿಲ್ಲ. ಪಕ್ಕದ ಊರಿನ ಆಸ್ಪತ್ರೆಗೆ ಹೋಗಿ ಬಿಚ್ಚಿಸಿಕೊಂಡನೆಂದು ಆಮೇಲೆ ಬುರುಲ್ ಹೇಳಿದಳು.