ಕೊನೆಯ ಪುಟದಿಂದ

ಹಾಲ್ವರ್ ಟ್ವೈಟ್ ಡೆನೀಸ್ ಬರೆದ ಹಸ್ತಪ್ರತಿಯ ಕಟ್ಟನ್ನು ಮಗುಚಿ ಹಾಕಿ ಕೊನೆಯ ಪುಟಗಳಿಗೆ ಕೈಹಾಕಿದಾಗಲೇ ಡೆನೀಸ್‌ಗೆ ಅವರು ಹುಡುಕುವುದೇನೆಂದು ಗೊತ್ತಾಯಿತು. ಇತಿಹಾಸ ಬರೆಯುವವರ ಜಾತಿಯೇ ಹಾಗೆ. ಹೊಸ ಪುಸ್ತಕ ಸಿಕ್ಕರೆ ಮುನ್ನುಡಿ ಆಮೇಲೆ, ಮೊದಲು ಹಿಂದಿನ ಗ್ರಂಥಸೂಚಿ. ಅಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳುವ ತನಕ ಯಾರಿಗೂ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ಅವಳೂ ಹಾಗೇ ಮಾಡುವವಳು.

ಹಿಮದಲ್ಲಿ ನೆನೆದ ಬೂಟುಗಳನ್ನು ಟ್ವೈಟರ ಮನೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಬಲಗಾಲಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಳು.

ಈ ಪುಸ್ತಕ ಅಚ್ಚಾದರೆ ವಸಂತದಲ್ಲಿ ಅವಳ ಕಾಲೇಜಿನ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅಚ್ಚಾಗಬೇಕೆಂದರೆ ಪ್ರಕಾಶನ ಮಾಲೆಯ ಸಂಪಾದಕರಾದ ಟ್ವೈಟ್ ಹೂಂ ಅನ್ನಬೇಕು. ಅಮೆರಿಕದ ಮಿನೆಸೋಟ ರಾಜ್ಯದ ಹಳೆಯ ರೈತರು ತಮ್ಮ ತಮ್ಮ ಚರ್ಚು ನೋಡಿಕೊಂಡು ಓಟು ಹಾಕುತ್ತಿದ್ದರು ಎಂದು ಬರೆದು ಹೆಸರಾದವರು ಅವರು. ಒಂದು ತಲೆಮಾರಿನ ವಿದ್ವಾಂಸರೆಲ್ಲ ಆ ಮಾತನ್ನೇ ಉರು ಹೊಡೆದರು. ಡೆನೀಸ್‌ಳ ಪುಸ್ತಕವೋ, ಚರ್ಚಿಗೂ ಓಟಿಗೂ ಸಂಬಂಧವಿಲ್ಲ, ಗೋಧಿ ಕೊಳ್ಳುವ ಗೋದಾಮಿನವರು ಎತ್ತ ತಿರುಗಿದರೋ ರೈತರೂ ಅತ್ತಲೇ ತಿರುಗಿದರು ಎನ್ನುತ್ತಿತ್ತು.

ಟ್ವೈಟರ ಬೆರಳು ಹೆಸರುಗಳ ಮೇಲಿಂದ ನಿಧಾನವಾಗಿ ಜಾರಿ ತಮ್ಮ ಹೆಸರು ಇರಬೇಕಾಗಿದ್ದ ಕಡೆ ನಿಂತಿತು.

"ನಾನೆಲ್ಲಮ್ಮ?"

"ಪ್ರೊಫೆಸರ್, ಅದು..."

"ಒಂದು ತಿಂಗ್ಳಿಂದ ಹುಡುಕ್ತಾ ಇದೀನಿ. ನಂಗೆ ಕಣ್ಣು ಮಂಜು, ಸರಿ. ನನ್ನ ಹೆಂಡ್ತಿ ಸೋಲ್ವೆಗ್ ಕೈಲೂ ಹುಡುಕಿಸ್ದೆ. ನಾನಿಲ್ಲ."

ಮುದುಕರು ನಡುವಿನ ಒಂದು ಪುಟ ಎಳೆದು ಮೇಜಿನ ಮೇಲೆ ತಳ್ಳಿದರು. "ಇಲ್ಲಿ, 'ಕೆಲವರ ಅಭಿಪ್ರಾಯದಲ್ಲಿ'. ಇಲ್ಲೂ 'ಕೆಲವರು'. ಈ ಕೆಲವರು ಅಂದ್ರೆ ಯಾರು? ಅವ್ರಿಗೆ ಅಪ್ಪ ಅಮ್ಮ ಹೆಸ್ರಿಟ್ಟಿರ್ಲಿಲ್ವಾ?"

"ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ರು," ಎಂದಳು ಡೆನೀಸ್, ಕಾಲುಚೀಲ ನೋಡುತ್ತ. "ಈ ವಯಸ್ಸಲ್ಲಿ ನಿಮ್ಮನ್ನ ನೋಯಿಸೋದು ಬೇಡ, ಹೆಸರು ತೆಗೆದುಬಿಡು ಅಂತ."

"ಕೋರಿ ಹೇಳಿದ್ನಾ? ನನ್ನ ಶಿಷ್ಯ!"

"ಅವರಿಗೆ ನಿಮ್ಮ ಮೇಲೆ ತುಂಬಾ ಗೌರವ."

"ಗೌರವ! ಸತ್ತವ್ರಿಗೆ ಹೂವಿಡ್ತಾರಲ್ಲ, ಆ ಗೌರವ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೋಲ್ವೆಗ್ ಅಲ್ಲಿಂದಲೇ ಕೂಗಿದರು. "ಆ ಹುಡುಗಿ ಮೇಲ್ಯಾಕೆ ರೇಗ್ತೀರಿ? ಕೇಕೂ ಮುಟ್ಟಿಲ್ಲ ಪಾಪ." ಆಮೇಲೆ ನಲ್ಲಿಯ ಸದ್ದಿನ ನಡುವೆಯೇ, "ಬೇಜಾರ್ ಮಾಡ್ಕೋಬೇಡ ಕಣೇ. ಹೊಸ ಪುಸ್ತಕ ಬಂದಾಗೆಲ್ಲ ಇವ್ರು ಹಿಂದಿಂದ ತೆಗೀತಾರೆ, ಹೆಸ್ರಿರಲ್ಲ, ಮುಚ್ಚಿಡ್ತಾರೆ. ಇವರನ್ನ ಯಾರಾದ್ರೂ ಬೈದೂ ಎಷ್ಟೋ ವರ್ಷ ಆಯ್ತು" ಎಂದರು.

ಟ್ವೈಟರ ಕಿವಿ ಕೆಂಪಾಯಿತು. ಹೆಂಡತಿಯ ಮೇಲಿನ ಸಿಟ್ಟನ್ನು ಪೆನ್ಸಿಲ್ ಮೇಲೆ ತೀರಿಸಿಕೊಂಡಂತೆ ಅದನ್ನು ಡೆನೀಸ್‌ಳ ಮುಂದೆ ಕುಕ್ಕಿದರು.

"ಹೊಡೆದ್‌ಹಾಕು 'ಕೆಲವರು'. ಹೆಸ್ರು ಬರಿ. ಆಮೇಲೆ ನಾನು ಸಹಿ ಮಾಡ್ತೀನಿ."

"ನನ್ನ ಕೆಲಸಕ್ಕೆ ಓಟು ಹಾಕೋ ಸಮಿತೀಲಿ ಕೋರಿಯವರೂ ಇದಾರೆ, ಪ್ರೊಫೆಸರ್."

"ಗೊತ್ತು."

"ಅವ್ರು ಎದುರು ಬಿದ್ರೆ?"

"ಬೀಳಬಹುದು. ಅವ್ನ ಓಟಿಗೆ ನಾನು ಜವಾಬ್ದಾರಿ ಅಲ್ಲ."

ಡೆನೀಸ್‌ಗೆ ಅಳು ಬಂದಷ್ಟೇ ಕೋಪವೂ ಬಂತು. ಎಲ್ಲರೂ ಸೇರಿ ತನ್ನನ್ನೇ ಹಗ್ಗ ಮಾಡಿಕೊಂಡು ಜಗ್ಗಾಡುತ್ತಿದ್ದಾರೆ ಅನ್ನಿಸಿತು. ಮಂಜಿನಲ್ಲಿ ಕಾರು ಓಡಿಸಿಕೊಂಡು ಊರೂರಿನ ಕೋರ್ಟು ಕಚೇರಿಗಳ ನೆಲಮಾಳಿಗೆಯಲ್ಲಿ ದೂಳು ಕುಡಿದವಳು ಅವಳು. ಕೋರಿಯಲ್ಲ, ಈ ಮುದುಕರೂ ಅಲ್ಲ. ಪೆನ್ಸಿಲ್ ಎತ್ತಿಕೊಂಡಳು. ಹಾಳೆ ಹರಿಯುವಷ್ಟು ಒತ್ತಿ ಗೀಟು ಎಳೆದು, ಮೇಲೆ ಬರೆದಳು.

"ಓದು."

"ಹಾಲ್ವರ್ ಟ್ವೈಟ್ ಅವರ ವಾದ..." ದನಿ ಬಿದ್ದುಹೋಯಿತು.

"ಕೇಳಿಸ್ಲಿಲ್ಲ."

"ಹಾಲ್ವರ್ ಟ್ವೈಟ್ ಅವರ ವಾದ ತಪ್ಪು. ಅದನ್ನು ನಂಬಿ ಬರೆದವರೆಲ್ಲರೂ ಅದೇ ತಪ್ಪನ್ನು ಮುಂದುವರಿಸಿದರು."

ಎರಡನೆಯ ವಾಕ್ಯ ಹಾಳೆಯಲ್ಲಿ ಇರಲಿಲ್ಲ. ಅವಳ ಬಾಯಿಂದ ಹಾಗೇ ಬಂದುಬಿಟ್ಟಿತ್ತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

ಟ್ವೈಟ್ ಅವಳನ್ನು ದಿಟ್ಟಿಸಿದರು. "ಅದನ್ನೂ ಬರಿ," ಎಂದರು. ಕನ್ನಡಕ ಒರೆಸಿ ಹಾಕಿಕೊಂಡು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಸುಮ್ನೆ ತಪ್ಪು ಅಂದ್ರೆ ಒಪ್ಪೋನಲ್ಲ ನಾನು. ಪುರಾವೆ ತೋರ್ಸು. ಮೊದಲ್ನೇ ಪುಟದಿಂದ."

ಸೋಲ್ವೆಗ್ ಒದ್ದೆ ಕೈಯಲ್ಲೇ ಬಂದು, ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹಸ್ತಪ್ರತಿಗೆ ಜಾಗ ಮಾಡಿಕೊಟ್ಟರು.