ಯೂಲಾಳ ಪಾತ್ರೆ

ಮಾಂಟ್ಗಮೆರಿ ಪೇಟೆಯ ತನ್ನ ಪುಸ್ತಕದಂಗಡಿ ಈ ತಿಂಗಳಿಗೆ ಮುಚ್ಚುತ್ತದೆಂದು ಆರ್ಡಿತ್ ಬಾಗಿಲಿಗೆ ಚೀಟಿ ಅಂಟಿಸಿದ್ದೇ ತಡ, ಊರ ಹೆಂಗಸರೆಲ್ಲ ಸಾವಿನ ಮನೆಗೆ ಬರುವಂತೆ ಅಡುಗೆ ಹೊತ್ತುಕೊಂಡು ಬಂದರು. ಲೇಖಕರು ಬಂದು ಓದುವ ಸಂಜೆಗಳಲ್ಲಿ ವೈನ್ ಕುಡಿದು, ಫೋಟೊ ತೆಗೆಸಿಕೊಂಡು, ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದವರೇ ಇವರೆಲ್ಲ. ಈಗ ಕಪಾಟುಗಳ ನಡುವೆ ನಿಂತು ಕಣ್ಣೊರೆಸಿಕೊಂಡರು.

"ಇನ್ಮೇಲೆ ನಾವು ಎಲ್ಲಿಗೆ ಹೋಗೋದೇ, ಆರ್ಡಿತ್?" ಎಂದು ಚರ್ಚಿನಲ್ಲಿ ಅವಳ ಪಕ್ಕ ಕೂರುವ ಯೂಲಾ ಗೋಳಾಡಿದಳು.

"ಇಷ್ಟು ದಿನ ಎಲ್ಲಿಗೆ ಹೋಗ್ತಿದ್ಯೋ ಅಲ್ಲಿಗೇ ಹೋಗು," ಎಂದಳು ಆರ್ಡಿತ್. ಜಗಳವಾಡುವಷ್ಟು ತ್ರಾಣ ಇರಲಿಲ್ಲ. ಯೂಲಾ ನಕ್ಕು ಅವಳ ಬೆನ್ನು ಸವರಿ ಹೋದಳು. ಪುಸ್ತಕ ಒಂದೂ ಖರ್ಚಾಗಲಿಲ್ಲ.

ಪಾತ್ರೆಗಳ ತಳದಲ್ಲಿ ಅವರವರ ಹೆಸರು ಅಂಟಿಸಿತ್ತು. ತಿಂದವರು ತೊಳೆದು ವಾಪಸ್ ಕೊಡಬೇಕು, ಅದೂ ಖಾಲಿ ಕೊಡಬಾರದು. ಒಲೆ ಹಚ್ಚುವ ಮನಸ್ಸಿಲ್ಲದೆ ಆರ್ಡಿತ್ ಪಾತ್ರೆಗೊಂದು ಪುಸ್ತಕ ಇಟ್ಟು, ಕಾರಿಗೆ ತುಂಬಿಕೊಂಡು ಹೊರಟಳು. ಯೂಲಾಳಿಗೆಂದು ಆರಿಸಿದ್ದು ತಾನೇ ಎರಡು ಸಲ ಓದಿ ಅತ್ತಿದ್ದ ಕಾದಂಬರಿ.

ಯೂಲಾ ಜಗಲಿಯಲ್ಲೇ ಮುಚ್ಚಳ ತೆಗೆದು ನೋಡಿದಳು. "ಅಯ್ಯೋ, ಇದು ನನ್ನ ಹತ್ರ ಇದೆ ಕಣೆ! ಮೊನ್ನೆ ಫೋನಲ್ಲೇ ತರಿಸ್ಕೊಂಡೆ, ಅರ್ಧ ರೇಟಿಗೆ. ಎಷ್ಟ್ ಚೆನ್ನಾಗಿದೆ ಅಂತೀಯ! ನೀನು ಓದಿದೀಯಾ?"

"ಓದಿದೀನಿ," ಎಂದಳು ಆರ್ಡಿತ್. ಪುಸ್ತಕವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಹುಟ್ಟಿದಾಗಿನಿಂದ ಮೊದಲ ಸಲ, ಖಾಲಿ ಪಾತ್ರೆಯನ್ನು ಒಬ್ಬರ ಕೈಗೆ ಬಿಟ್ಟು ಮೆಟ್ಟಿಲಿಳಿದಳು.